ತಲಪಾಡಿಯ ಈಚೆ, ತಲಪಾಡಿಯ ಆಚೆ: ಇಂಧನ ತೆರಿಗೆ ಏರಿಸಿದರೆ ಬಳಕೆ ತಗ್ಗುತ್ತದೆಯೇ?

ಪ್ರಶ್ನೆ: ಮಾನ್ಯರೇ, ನಾನು ಕಾಸರಗೋಡು ಜಿಲ್ಲೆಯ ಪೆರ್ಲದ ಸಮೀಪದ ಹಳ್ಳಿಯೊಂದರಲ್ಲಿ ಶಾಲಾ ಶಿಕ್ಷಕಿ. ದಿನವೂ ಸ್ಕೂಟರಿನಲ್ಲಿ ಶಾಲೆಗೆ ಹೋಗಿ ಬರುತ್ತೇನೆ. ನಮ್ಮ ಭಾವ ಉಪ್ಪಳದಲ್ಲಿ ಪಿಕಪ್ ಓಡಿಸುತ್ತಾರೆ. ಕೇರಳದಲ್ಲಿ ತೆರಿಗೆ ಹೆಚ್ಚೆಂದು ಡೀಸೆಲ್ ಹಾಕಿಸಲು ಅವರು ತಲಪಾಡಿಯ ಗಡಿ ದಾಟಿ ಕರ್ನಾಟಕಕ್ಕೆ ಹೋಗುತ್ತಿದ್ದರು. ಮೊನ್ನೆ ಶಾಲೆಯಲ್ಲಿ ಮಾತು ಬಂದಾಗ ಸಹೋದ್ಯೋಗಿಯೊಬ್ಬರು, ಇಂಧನದ ಮೇಲಿನ ತೆರಿಗೆಯನ್ನು ಇನ್ನೂ ಏರಿಸಬೇಕು, ಆಗಲೇ ಜನ ಗಾಡಿ ಬಿಟ್ಟು ಬಸ್ಸು ಹತ್ತುತ್ತಾರೆ ಎಂದರು. ನಮ್ಮ ಊರಿಗೆ ಸಂಜೆ ಆರೂವರೆಯ ನಂತರ ಬಸ್ಸೇ ಇಲ್ಲ. ಇಷ್ಟು ವರ್ಷ ಬೆಲೆ ಏರಿದರೂ ರಸ್ತೆಯಲ್ಲಿ ವಾಹನ ಕಡಿಮೆಯಾದದ್ದನ್ನು ನಾನು ಕಂಡಿಲ್ಲ. ತೆರಿಗೆ ಏರಿಸಿ ಬಳಕೆ ತಗ್ಗಿಸುವುದು ನಿಜಕ್ಕೂ ವಿವೇಕದ ದಾರಿಯೇ? ನಮ್ಮ ಹಳೆಯ ಸ್ಕೂಟರಿನ ಬದಲಿಗೆ ವಿದ್ಯುತ್ ಸ್ಕೂಟರ್ ಕೊಳ್ಳುವುದು ಒಳ್ಳೆಯದೇ ಎಂಬುದನ್ನೂ ತಿಳಿಸಿ.

ಉತ್ತರ:

ನಿಮ್ಮ ಸಹೋದ್ಯೋಗಿ ಹೇಳಿದ್ದು ಸುಳ್ಳಲ್ಲ. ಬೆಲೆ ಏರಿದರೆ ಬಳಕೆ ತಗ್ಗುತ್ತದೆ. ಪೆಟ್ರೋಲ್, ಡೀಸೆಲ್ ಇದಕ್ಕೆ ಹೊರತಲ್ಲ. ಆದರೆ ಎಷ್ಟು ತಗ್ಗುತ್ತದೆ, ಯಾರ ಓಡಾಟ ತಗ್ಗುತ್ತದೆ ಎಂಬುದನ್ನು ಕೇಳದೆ 'ತೆರಿಗೆ ಏರಿಸಿ' ಎಂದರೆ ಅದು ಅರ್ಧ ಮಾತು. ಉಳಿದ ಅರ್ಧ ನಿಮ್ಮ ಪ್ರಶ್ನೆಯಲ್ಲೇ ಇದೆ: ಸಂಜೆ ಆರೂವರೆಯ ನಂತರ ಬಸ್ಸಿಲ್ಲ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಗಾಡಿ ಬಿಟ್ಟು ಹೋಗಲು ಬೇರೆ ದಾರಿ ಇರುವವರ ಮೇಲೆ ಇಂಧನ ತೆರಿಗೆ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಬೇರೆ ದಾರಿ ಇಲ್ಲದವರಿಂದ ಅದು ಹಣ ವಸೂಲು ಮಾಡುತ್ತದೆ, ಅಷ್ಟೇ. ಹಾಗೆ ವಸೂಲಾದ ಹಣ ಆ ದಾರಿಯನ್ನು ಮಾಡಿಕೊಡಲು ಹೋಗದಿದ್ದರೆ, ಬಳಕೆ ತಗ್ಗಿಸುವ ಹೆಸರಿನಲ್ಲಿ ತೆರಿಗೆ ಏರಿಸುವುದನ್ನು ನಾನು ಒಪ್ಪುವುದಿಲ್ಲ.

ಮೊದಲು ಲೆಕ್ಕ. ಬೇರೆ ಬೇರೆ ದೇಶಗಳಲ್ಲಿ ನಡೆದ ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದರೆ, ಪೆಟ್ರೋಲ್ ಬೆಲೆ ಶೇಕಡಾ 10ರಷ್ಟು ಏರಿದಾಗ ಮೊದಲ ವರ್ಷದೊಳಗೆ ಬಳಕೆ ಸ್ಥೂಲವಾಗಿ ಶೇಕಡಾ 1ರಿಂದ 3ರಷ್ಟು ಮಾತ್ರ ತಗ್ಗುತ್ತದೆ. ಅದೇ ಬೆಲೆ ಹಲವು ವರ್ಷ ಹಾಗೆಯೇ ನಿಂತರೆ ಇಳಿಕೆ ಶೇಕಡಾ 4ರಿಂದ 8ರವರೆಗೂ ಹೋಗುತ್ತದೆ. ಈ ವ್ಯತ್ಯಾಸಕ್ಕೆ ಕಾರಣ ಸರಳ. ನಾಳೆ ಬೆಳಿಗ್ಗೆ ಬೆಲೆ ಏರಿದರೆ ನಿಮ್ಮ ಮನೆ, ಶಾಲೆ, ಸ್ಕೂಟರ್ ಮೂರೂ ಇದ್ದಲ್ಲೇ ಇರುತ್ತವೆ. ಹೆಚ್ಚೆಂದರೆ ಭಾನುವಾರದ ಒಂದು ಸುತ್ತಾಟ ಬಿಡುತ್ತೀರಿ. ಆದರೆ ಮುಂದಿನ ಐದಾರು ವರ್ಷಗಳಲ್ಲಿ ಸ್ಕೂಟರ್ ಬದಲಾಗುತ್ತದೆ, ವರ್ಗಾವಣೆ ಕೇಳುವಾಗ ದೂರದ ಲೆಕ್ಕ ಮನಸ್ಸಿಗೆ ಬರುತ್ತದೆ, ಮನೆ ಕಟ್ಟುವವರು ಬಸ್ಸಿನ ಮಾರ್ಗದ ಬದಿ ನೋಡಿ ಜಾಗ ಹುಡುಕುತ್ತಾರೆ. ತೆರಿಗೆಯ ನಿಜವಾದ ಪರಿಣಾಮ ಇರುವುದು ಈ ನಿಧಾನದ ನಿರ್ಧಾರಗಳಲ್ಲಿ.

ಹಾಗಿದ್ದರೆ ರಸ್ತೆಯಲ್ಲಿ ವಾಹನ ಕಡಿಮೆಯಾದದ್ದು ನಿಮ್ಮ ಕಣ್ಣಿಗೆ ಏಕೆ ಬಿದ್ದಿಲ್ಲ? ಬೆಲೆಯ ಜೊತೆಗೆ ಆದಾಯವೂ ಏರುತ್ತಾ ಬಂದಿದೆ. ನಮ್ಮ ಜಿಲ್ಲೆಗೆ ಕೊಲ್ಲಿಯ ದುಡ್ಡು ಬಂದಿದೆ, ಅಡಿಕೆಗೆ ಒಳ್ಳೆಯ ಧಾರಣೆ ಸಿಕ್ಕ ವರ್ಷಗಳಿವೆ, ತಲಪಾಡಿಯಿಂದ ಚೆಂಗಳದವರೆಗೆ ಹೆದ್ದಾರಿ ಆರು ಪಥವಾಗಿದೆ. ಇವೆಲ್ಲ ಓಡಾಟವನ್ನು ಮೇಲಕ್ಕೆ ಎಳೆಯುವಾಗ ಬೆಲೆ ಅದನ್ನು ಸ್ವಲ್ಪ ಕೆಳಕ್ಕೆ ಒತ್ತುತ್ತದೆ. ಬೆಲೆ ಏರದಿದ್ದರೆ ಇನ್ನೆಷ್ಟು ವಾಹನಗಳು ಇರುತ್ತಿದ್ದವು ಎಂಬುದು ಕಣ್ಣಿಗೆ ಕಾಣುವ ಸಂಗತಿಯಲ್ಲ.

ನಮ್ಮ ದೇಶದಲ್ಲಿ ಬೆಲೆಯ ಪರಿಣಾಮ ಕಣ್ಣಿಗೆ ಕಂಡ ಒಂದು ಪ್ರಸಂಗವಿದೆ. ಪೆಟ್ರೋಲ್ ಬೆಲೆಯ ಮೇಲಿನ ಸರಕಾರಿ ನಿಯಂತ್ರಣ 2010ರ ಜೂನ್‌ನಲ್ಲಿ ಹೋಯಿತು. ಡೀಸೆಲ್ ಮಾತ್ರ ಸಹಾಯಧನದ ಆಸರೆಯಲ್ಲೇ ಉಳಿಯಿತು. 2012ರ ಮೇ ತಿಂಗಳಲ್ಲಿ ದೆಹಲಿಯಲ್ಲಿ ಪೆಟ್ರೋಲ್ ಲೀಟರಿಗೆ 73 ರೂಪಾಯಿ ದಾಟಿದಾಗ ಡೀಸೆಲ್ 41 ರೂಪಾಯಿಯ ಆಸುಪಾಸಿನಲ್ಲಿತ್ತು. ಜನ ಏನು ಮಾಡಿದರು? ಡೀಸೆಲ್ ಕಾರು ಕೊಂಡರು. ಆ ಹೊತ್ತಿಗೆ ಮಾರಾಟವಾಗುತ್ತಿದ್ದ ಹೊಸ ಕಾರುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಡೀಸೆಲಿನವು. ಮುಂದೆ 2013ರ ಜನವರಿಯಿಂದ ಡೀಸೆಲ್ ಬೆಲೆಯನ್ನು ತಿಂಗಳಿಗೆ ಸುಮಾರು 50 ಪೈಸೆಯಂತೆ ಏರಿಸುತ್ತಾ ಬಂದರು. 2014ರ ಅಕ್ಟೋಬರ್‌ನಲ್ಲಿ ಅದರ ನಿಯಂತ್ರಣವೂ ಹೋಯಿತು. ಎರಡರ ನಡುವಿನ ಅಂತರ ಕುಗ್ಗಿದಂತೆ ಡೀಸೆಲ್ ಕಾರುಗಳ ಪಾಲು ವರ್ಷದಿಂದ ವರ್ಷಕ್ಕೆ ಕುಸಿದು ಐದರಲ್ಲಿ ಒಂದಕ್ಕಿಂತ ಕೆಳಗೆ ಇಳಿಯಿತು. ದೇಶದ ಅತಿ ದೊಡ್ಡ ಕಾರು ಕಂಪೆನಿಯಾದ ಮಾರುತಿ 2020ರ ಏಪ್ರಿಲ್‌ನಿಂದ ಡೀಸೆಲ್ ಕಾರು ಮಾಡುವುದನ್ನೇ ನಿಲ್ಲಿಸಿತು. ಹೊಗೆಯ ಹೊಸ ಮಾನದಂಡಗಳ ವೆಚ್ಚವೂ ಅದಕ್ಕೆ ಕಾರಣ, ಆದರೆ ಬೆಲೆಯ ಅಂತರ ಹೋಗದಿದ್ದರೆ ಕೊಳ್ಳುವವರು ಇಷ್ಟು ಸಲೀಸಾಗಿ ಪೆಟ್ರೋಲಿಗೆ ಮರಳುತ್ತಿರಲಿಲ್ಲ. ಕೊಳ್ಳುವ ಗಳಿಗೆಯಲ್ಲಿ ಜನರಿಗೆ ಆಯ್ಕೆ ಇತ್ತು. ಮುಂದಿನ ವರ್ಷಗಳಲ್ಲಿ ಬೆಲೆ ಎತ್ತ ಹೋಗುತ್ತದೆ ಎಂಬುದು ಮೊದಲೇ ತಿಳಿದಿತ್ತು. ಏರಿಕೆ ತಿಂಗಳಿಗೆ ಐವತ್ತು ಪೈಸೆಯಾದದ್ದರಿಂದ ಯಾರ ಬದುಕೂ ಒಂದೇ ದಿನಕ್ಕೆ ತಲೆಕೆಳಗಾಗಲಿಲ್ಲ.

ಈಗ ನಿಮ್ಮ ಸ್ಕೂಟರಿನ ಲೆಕ್ಕ. ದೂರವನ್ನು ನೀವು ಹೇಳಿಲ್ಲ. ತಿಂಗಳಿಗೆ 600 ಕಿಲೋಮೀಟರ್, ಲೀಟರಿಗೆ 45 ಕಿಲೋಮೀಟರ್ ಎಂದು ಇಟ್ಟುಕೊಳ್ಳೋಣ. ಹದಿಮೂರು ಲೀಟರ್ ಚಿಲ್ಲರೆ ಪೆಟ್ರೋಲ್ ಬೇಕು. ಲೀಟರಿಗೆ ಐದು ರೂಪಾಯಿ ತೆರಿಗೆ ಏರಿದರೆ ತಿಂಗಳಿಗೆ ಅರುವತ್ತೇಳು ರೂಪಾಯಿಯಷ್ಟು ಹೆಚ್ಚು. ಇದಕ್ಕಾಗಿ ನೀವು ಯಾವ ಓಡಾಟ ಬಿಡಬಲ್ಲಿರಿ? ಶಾಲೆಗೆ ಹೋಗುವುದನ್ನು ಬಿಡುವಂತಿಲ್ಲ. ಬೆಳಿಗ್ಗೆ ಬಸ್ಸಿನಲ್ಲಿ ಹೋಗೋಣವೆಂದರೆ, ಸಂಜೆ ಶಾಲೆಯಲ್ಲಿ ಸಭೆ ತಡವಾದ ದಿನ ಮನೆಗೆ ಬರುವುದು ಹೇಗೆ? ಸಂಜೆಯ ಒಂದು ಬಸ್ಸು ಇಲ್ಲದ ಕಾರಣಕ್ಕೆ ಬೆಳಗಿನ ಬಸ್ಸಿಗೂ ನೀವು ಪ್ರಯಾಣಿಕರಲ್ಲ. ಇದನ್ನು ತೆರಿಗೆಯ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಗಮನಿಸುವುದಿಲ್ಲ. ಹೋಗುವ ದಾರಿ, ಬರುವ ದಾರಿ ಎರಡೂ ಖಾತ್ರಿಯಾದರೆ ಮಾತ್ರ ಮನುಷ್ಯ ಗಾಡಿಯನ್ನು ಮನೆಯಲ್ಲಿ ಬಿಟ್ಟು ಹೊರಡುತ್ತಾನೆ.

ಕಾಸರಗೋಡಿನವರ ಓಡಾಟದಲ್ಲಿ ಬಿಡಲಾಗದ್ದು ಎಷ್ಟಿದೆ ಎಂಬುದನ್ನು 2020ರ ಮಾರ್ಚ್‌ನಲ್ಲಿ ಇಡೀ ದೇಶ ನೋಡಿತು. ಸಾಂಕ್ರಾಮಿಕದ ಹೆಸರಿನಲ್ಲಿ ತಲಪಾಡಿಯಲ್ಲಿ ಗಡಿ ಮುಚ್ಚಿದಾಗ, ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ರೋಗಿಗಳು ದಾರಿಯಲ್ಲೇ ಸಿಕ್ಕಿಬಿದ್ದರು. ಪ್ರಾಣವೂ ಹೋಯಿತು, ವಿಷಯ ನ್ಯಾಯಾಲಯದ ಮೆಟ್ಟಿಲೇರಿತು. ಆಸ್ಪತ್ರೆ, ಕಾಲೇಜು, ಅಡಿಕೆ ಮಾರಾಟ, ಮದುವೆಯ ಜವಳಿ ಎಲ್ಲಕ್ಕೂ ಮಂಗಳೂರಿನ ಕಡೆ ಮುಖ ಮಾಡಿರುವ ಜನರಿಗೆ ಲೀಟರಿಗೆ ಎರಡು ರೂಪಾಯಿ ಹೆಚ್ಚಿಸಿ 'ಓಡಾಟ ತಗ್ಗಿಸಿ' ಎಂದರೆ ಅವರು ಏನನ್ನು ತಗ್ಗಿಸಬೇಕು?

ಇನ್ನು ನಿಮ್ಮ ಭಾವನವರ ಪಿಕಪ್. ನನ್ನ ದೃಷ್ಟಿಯಲ್ಲಿ ಇಡೀ ಪ್ರಶ್ನೆಗೆ ಅತ್ಯುತ್ತಮ ಪಾಠ ಇಲ್ಲಿದೆ. ಪೆಟ್ರೋಲ್, ಡೀಸೆಲ್ ಎರಡೂ ಜಿಎಸ್‌ಟಿಯ ಹೊರಗಿವೆ. ಕೇಂದ್ರ ಸರಕಾರ ಲೀಟರಿಗೆ ಇಷ್ಟು ಎಂದು ಅಬಕಾರಿ ಸುಂಕ ಹಾಕುತ್ತದೆ, ಅದರ ಮೇಲೆ ರಾಜ್ಯಗಳು ತಮ್ಮ ಮಾರಾಟ ತೆರಿಗೆ ಹಾಕುತ್ತವೆ. ಕೇರಳದಲ್ಲಿ ಪೆಟ್ರೋಲಿಗೆ ಶೇಕಡಾ 30.08, ಡೀಸೆಲಿಗೆ ಶೇಕಡಾ 22.76, ಜೊತೆಗೆ ಲೀಟರಿಗೆ ಒಂದು ರೂಪಾಯಿ ಹೆಚ್ಚುವರಿ ತೆರಿಗೆ ಮತ್ತು ಶೇಕಡಾ 1ರ ಸೆಸ್. 2021ರ ನವೆಂಬರ್‌ನಲ್ಲಿ ಕೇಂದ್ರ ಸುಂಕ ಇಳಿಸಿದಾಗ ಕರ್ನಾಟಕವೂ ತನ್ನ ಪಾಲಿನಲ್ಲಿ ಲೀಟರಿಗೆ ಏಳು ರೂಪಾಯಿ ಬಿಟ್ಟುಕೊಟ್ಟಿತು. ಕೇರಳ ತನ್ನ ದರವನ್ನು ಇಳಿಸಲಿಲ್ಲ. ಮರುವರ್ಷದ ಮೇ ನಂತರ ಬೆಂಗಳೂರಿನಲ್ಲಿ ಡೀಸೆಲ್ 87.89 ರೂಪಾಯಿ ಇದ್ದರೆ ತಿರುವನಂತಪುರದಲ್ಲಿ 96.52. ಸಾಲದ್ದಕ್ಕೆ 2023ರ ಏಪ್ರಿಲ್ 1ರಿಂದ ಕೇರಳ ಸರಕಾರ ಲೀಟರಿಗೆ ಎರಡು ರೂಪಾಯಿಯ ಸಾಮಾಜಿಕ ಭದ್ರತಾ ಸೆಸ್ ಹಾಕಿತು. ಡೀಸೆಲಿನ ಅಂತರ ಹತ್ತು ರೂಪಾಯಿ ದಾಟಿತು.

ಆಗ ಉಪ್ಪಳದಲ್ಲಿ ನಿಂತ ಪಿಕಪ್ಪಿನ ಲೆಕ್ಕ ಹೀಗೆ. ಟ್ಯಾಂಕಿಗೆ ಐವತ್ತು ಲೀಟರ್ ಹಿಡಿಯುತ್ತದೆ ಎನ್ನೋಣ. ತಲಪಾಡಿಗೆ ಹನ್ನೆರಡು ಕಿಲೋಮೀಟರ್ ಆಸುಪಾಸು, ಹೋಗಿ ಬರಲು ಇಪ್ಪತ್ತನಾಲ್ಕು. ಲೀಟರಿಗೆ ಹನ್ನೆರಡು ಕಿಲೋಮೀಟರ್ ಕೊಡುವ ಗಾಡಿಗೆ ಎರಡು ಲೀಟರ್ ಸುಡಬೇಕು, ಅಂದರೆ ಸುಮಾರು 175 ರೂಪಾಯಿ. ಉಳಿತಾಯ ಐನೂರು. ಎರಡು ಲೀಟರ್ ಸುಟ್ಟ ಮೇಲೂ ಕೈಯಲ್ಲಿ 325 ರೂಪಾಯಿ ಉಳಿಯುತ್ತದೆ. ಭಾವನವರು ಮಾಡಿದ್ದು ಸಂಸಾರಸ್ಥ ಮಾಡುವ ಸರಿಯಾದ ಲೆಕ್ಕವೇ. ವಾಹನದ ಟ್ಯಾಂಕ್ ತುಂಬಿಸಿಕೊಂಡು ಬರುವುದರಲ್ಲಿ ಕಾನೂನಿನ ತೊಡಕೂ ಇಲ್ಲ. ಕ್ಯಾನುಗಳಲ್ಲಿ ತಂದು ಮಾರುವುದು ಮಾತ್ರ ಅಪರಾಧ. ಆದರೆ ತೆರಿಗೆಯ ಕಡೆಯಿಂದ ನೋಡಿ. ಬಳಕೆ ತಗ್ಗಬೇಕಾದಲ್ಲಿ ಎರಡು ಲೀಟರ್ ಹೆಚ್ಚು ಉರಿಯಿತು. ಕೇರಳಕ್ಕೆ ಬರಬೇಕಾದ ತೆರಿಗೆ ಬರಲಿಲ್ಲ. ಹೆದ್ದಾರಿಗೆ ಒಂದು ಗಾಡಿ ಹೆಚ್ಚಾಯಿತು. ಮುನ್ನೂರು ಲೀಟರ್ ಹಿಡಿಯುವ ಲಾರಿಗೆ ಉಳಿತಾಯ ಮೂರು ಸಾವಿರ. ಅದು ಹೇಗೂ ಮಂಗಳೂರಿನ ಕಡೆ ಹೋಗುವ ಲಾರಿಯಾದರೆ ಖರ್ಚೇ ಇಲ್ಲದ ಲಾಭ. ತಲಪಾಡಿಯ ಆಚೆಯ ಬಂಕುಗಳಲ್ಲಿ ಕೇರಳದ ನಂಬರಿನ ಲಾರಿಗಳು ಸಾಲುಗಟ್ಟಿ ನಿಂತದ್ದು, ಈಚೆಯ ಬಂಕಿನ ಹುಡುಗರು ಕುರ್ಚಿಯಲ್ಲಿ ಕುಳಿತು ರಸ್ತೆ ನೋಡುತ್ತಿದ್ದದ್ದು ಈ ದಾರಿಯಲ್ಲಿ ಓಡಾಡುವ ಎಲ್ಲರಿಗೂ ಗೊತ್ತು.

ನಿಮ್ಮ ಸ್ಕೂಟರಿಗೆ ಇದೇ ಲೆಕ್ಕ ಹಾಕಿದರೆ ಫಲ ಬೇರೆ. ನಾಲ್ಕೈದು ಲೀಟರಿನ ಟ್ಯಾಂಕಿನಲ್ಲಿ ಉಳಿಯುವುದು ಮೂವತ್ತು ರೂಪಾಯಿ ಚಿಲ್ಲರೆ. ಅದಕ್ಕಾಗಿ ಅಡ್ಕಸ್ಥಳ ದಾಟಿ ವಿಟ್ಲದ ದಾರಿಯಲ್ಲಿ ಬಂಕು ಹುಡುಕಿಕೊಂಡು ಹೋದರೆ ಉಳಿದದ್ದು ಅಲ್ಲೇ ಖರ್ಚಾಗುತ್ತದೆ. ಹೀಗಾಗಿ ದೊಡ್ಡ ಟ್ಯಾಂಕಿನವರು ತೆರಿಗೆಯಿಂದ ತಪ್ಪಿಸಿಕೊಳ್ಳುತ್ತಾರೆ, ಸಣ್ಣ ಟ್ಯಾಂಕಿನವರು ಪೂರ್ತಿ ಕಟ್ಟುತ್ತಾರೆ. ಗಡಿನಾಡಿನಲ್ಲಿ ಒಂದು ರಾಜ್ಯ ಮಾತ್ರ ಏರಿಸುವ ತೆರಿಗೆಯಲ್ಲಿ ನನಗೆ ಅತಿ ಹೆಚ್ಚು ಬೇಸರ ತರಿಸುವ ಸಂಗತಿ ಇದು.

ಇದು ನಮ್ಮ ಗಡಿಯೊಂದರ ಕಥೆಯಲ್ಲ. ಕಣ್ಣೂರು, ಕೋಝಿಕ್ಕೋಡ್ ನಡುವೆ ಇರುವ ಮಾಹೆ ಪುದುಚೇರಿಗೆ ಸೇರಿದ ಪುಟ್ಟ ಪಟ್ಟಣ. ಅಲ್ಲಿ ತೆರಿಗೆ ಕಡಿಮೆ. ಆ ಹೆದ್ದಾರಿಯಲ್ಲಿ ಹೋಗುವವರು ಮಾಹೆ ಬರುವವರೆಗೆ ಟ್ಯಾಂಕ್ ಖಾಲಿ ಇಟ್ಟುಕೊಂಡೇ ಹೋಗುತ್ತಾರೆ. ಯುರೋಪಿನಲ್ಲಿ ಲಕ್ಸೆಂಬರ್ಗ್ ಎಂಬ ಸಣ್ಣ ದೇಶ ಹತ್ತಾರು ವರ್ಷ ಇದೇ ವ್ಯಾಪಾರ ಮಾಡಿತು. ಅಕ್ಕಪಕ್ಕದ ಜರ್ಮನಿ, ಫ್ರಾನ್ಸ್, ಬೆಲ್ಜಿಯಮ್‌ಗಳ ಲಾರಿಗಳು ಅಲ್ಲಿ ತುಂಬಿಸಿಕೊಂಡು ಹೋಗುತ್ತಿದ್ದವು. ಮಾರಾಟದ ಲೆಕ್ಕದಲ್ಲಿ ಒಂದು ಕಡೆ ಬಳಕೆ ತಗ್ಗಿದಂತೆ, ಇನ್ನೊಂದು ಕಡೆ ಏರಿದಂತೆ ಕಾಣುತ್ತದೆ. ಗಾಳಿಗೆ ಸೇರುವ ಹೊಗೆ ಮಾತ್ರ ಮೊದಲಿನಷ್ಟೇ.

ಮುಂದೆ ನಡೆದದ್ದನ್ನೂ ಹೇಳಬೇಕು. ಕರ್ನಾಟಕ 2024ರ ಜೂನ್‌ನಲ್ಲಿ ಪೆಟ್ರೋಲಿನ ಮಾರಾಟ ತೆರಿಗೆಯನ್ನು ಶೇಕಡಾ 25.92ರಿಂದ 29.84ಕ್ಕೆ, ಡೀಸೆಲಿನದನ್ನು 14.34ರಿಂದ 18.44ಕ್ಕೆ ಏರಿಸಿತು. 2025ರ ಏಪ್ರಿಲ್‌ನಲ್ಲಿ ಡೀಸೆಲಿನದು 21.17 ಆಯಿತು. ಡೀಸೆಲ್ ಅಂತರ ಹೆಚ್ಚು ಕಡಿಮೆ ಅರ್ಧಕ್ಕೆ ಇಳಿಯಿತು. ಭಾವನವರ ಲೆಕ್ಕ ಮತ್ತೆ ಹಾಕಿ ನೋಡಿ: ಐವತ್ತು ಲೀಟರಿಗೆ ಇನ್ನೂರೈವತ್ತು ಉಳಿತಾಯ, ಹೋಗಿ ಬರುವ ಡೀಸೆಲಿಗೆ ನೂರ ಎಂಬತ್ತು. ಉಳಿಯುವ ಎಪ್ಪತ್ತು ರೂಪಾಯಿಗೆ ಅರ್ಧ ದಿನದ ಬಾಡಿಗೆ ಬಿಟ್ಟು ಯಾರೂ ಹೋಗುವುದಿಲ್ಲ. ಇದಕ್ಕಾಗಿ ಕೇರಳ ಏನೂ ಮಾಡಬೇಕಾಗಿ ಬರಲಿಲ್ಲ. ತೆರಿಗೆ ಎರಡೂ ಕಡೆ ಹತ್ತಿರ ಹತ್ತಿರ ಇದ್ದಾಗಲೇ ಅದು ಓಡಾಟದ ಮೇಲೆ ಕೆಲಸ ಮಾಡಬಲ್ಲದು. ಇಲ್ಲವಾದರೆ ಬದಲಾಗುವುದು ಬಂಕು ಮಾತ್ರ. ಆದ್ದರಿಂದ ಬಳಕೆ ತಗ್ಗಿಸುವುದೇ ಗುರಿಯಾದರೆ ಅದು ಕೇಂದ್ರದ ಸುಂಕದ ಕೆಲಸ, ಒಂದೊಂದು ರಾಜ್ಯ ತನ್ನಷ್ಟಕ್ಕೆ ಮಾಡುವ ಕೆಲಸವಲ್ಲ.

ಆದರೆ ಬಳಕೆ ತಗ್ಗಿಸುವುದು ನಿಜವಾಗಿಯೂ ಯಾರ ಗುರಿ? ಇಲ್ಲಿ ನಾನು ಸ್ವಲ್ಪ ಕಟುವಾಗಿಯೇ ಮಾತನಾಡುತ್ತೇನೆ. 2023ರ ಕೇರಳ ಬಜೆಟ್ಟಿನಲ್ಲಿ ಹಣಕಾಸು ಸಚಿವ ಕೆ.ಎನ್. ಬಾಲಗೋಪಾಲ್ ಆ ಎರಡು ರೂಪಾಯಿ ಸೆಸ್ಸಿನಿಂದ 750 ಕೋಟಿ ರೂಪಾಯಿ ನಿರೀಕ್ಷಿಸುವುದಾಗಿ ಹೇಳಿದರು. ಎರಡರಿಂದ ಭಾಗಿಸಿ: 375 ಕೋಟಿ ಲೀಟರ್. ಅಷ್ಟು ಇಂಧನ ಆ ವರ್ಷ ಉರಿದೇ ಉರಿಯುತ್ತದೆ ಎಂಬ ನಂಬಿಕೆಯ ಮೇಲೆ ಆ ಅಂಕಿ ನಿಂತಿದೆ. ಆ ಹಣ ಯಾವುದಕ್ಕೆ? ವೃದ್ಧರ, ವಿಧವೆಯರ, ಅಂಗವಿಕಲರ ಪಿಂಚಣಿಗೆ. ಪಿಂಚಣಿಯ ಬಗ್ಗೆ ನನಗೆ ಎಳ್ಳಷ್ಟೂ ತಕರಾರಿಲ್ಲ. ಅದು ಸಿಗಲೇಬೇಕು, ತಪ್ಪದೆ ಸಿಗಬೇಕು. ಆದರೆ ಅಜ್ಜಿಯ ಪಿಂಚಣಿಯನ್ನು ಮೊಮ್ಮಗನ ಪೆಟ್ರೋಲಿಗೆ ಕಟ್ಟಿಹಾಕಿದ ಸರಕಾರ, ಮೊಮ್ಮಗ ಬಸ್ಸು ಹತ್ತಲಿ ಎಂದು ಮನಸಾರೆ ಬಯಸಲಾರದು. ಚೆನ್ನಾಗಿ ಹಣ ತರುವ ತೆರಿಗೆ ಎಂದರೆ ಜನ ತಪ್ಪಿಸಿಕೊಳ್ಳಲಾಗದ ತೆರಿಗೆ. ಚೆನ್ನಾಗಿ ಬಳಕೆ ತಗ್ಗಿಸುವ ತೆರಿಗೆ ಎಂದರೆ ಜನ ತಪ್ಪಿಸಿಕೊಂಡದ್ದರಿಂದ ಹಣ ತಾರದ ತೆರಿಗೆ. ಒಂದೇ ತೆರಿಗೆಯಿಂದ ಎರಡನ್ನೂ ಪೂರ್ತಿಯಾಗಿ ನಿರೀಕ್ಷಿಸುವಂತಿಲ್ಲ.

ಕೇಂದ್ರದ ನಡೆಯೂ ಇದಕ್ಕಿಂತ ಬೇರೆಯಲ್ಲ. 2014ರ ನವೆಂಬರ್‌ನಿಂದ 2016ರ ಜನವರಿಯವರೆಗೆ ಕಚ್ಚಾತೈಲದ ಬೆಲೆ ಕುಸಿಯುತ್ತಿದ್ದಾಗ ಅಬಕಾರಿ ಸುಂಕವನ್ನು ಒಂಬತ್ತು ಬಾರಿ ಏರಿಸಿದರು. ಪೆಟ್ರೋಲಿಗೆ ಒಟ್ಟು 11.77, ಡೀಸೆಲಿಗೆ 13.47 ರೂಪಾಯಿ. 2020ರ ಮೇ ತಿಂಗಳಲ್ಲಿ, ದೇಶವೇ ಮನೆಯೊಳಗಿದ್ದಾಗ, ಒಂದೇ ಏಟಿಗೆ ಪೆಟ್ರೋಲಿಗೆ ಹತ್ತು, ಡೀಸೆಲಿಗೆ ಹದಿಮೂರು ರೂಪಾಯಿ. ಎರಡು ಬಾರಿಯೂ ಸುಂಕದ ಏರಿಕೆ ಬಂದದ್ದು ಕಚ್ಚಾತೈಲದ ಇಳಿಕೆಯ ಬೆನ್ನಿಗೆ. ಹೀಗಾಗಿ ಬಂಕಿನ ಬೆಲೆ ಏರಲಿಲ್ಲ, ಇಳಿಯಬೇಕಾದದ್ದು ಇಳಿಯಲಿಲ್ಲ. ಅಗ್ಗದ ಎಣ್ಣೆಯಿಂದ ಬಳಕೆ ಹಿಗ್ಗುವುದನ್ನು ಇದು ತಡೆದಿರಬಹುದು. ಆ ಮಟ್ಟಿಗೆ ಪ್ರಯೋಜನವಿದೆ. ಆದರೆ ಯಾವ ಸಚಿವರೂ ಆಗ ಜನರಿಗೆ 'ಇನ್ನು ಐದು ವರ್ಷ ಇಂಧನ ದುಬಾರಿಯೇ ಇರುತ್ತದೆ, ಅದಕ್ಕೆ ತಕ್ಕ ಗಾಡಿ ಕೊಳ್ಳಿ' ಎನ್ನಲಿಲ್ಲ. ಮುಂದೇನು ಎಂದು ತಿಳಿಯದವರು ಮುಂದಿನ ಲೆಕ್ಕ ಹಾಕುವುದು ಹೇಗೆ? ಇನ್ನೊಂದು ಸಂಗತಿ: ಆ ಸುಂಕದಲ್ಲಿ ಹೆಚ್ಚಿನ ಭಾಗ ಸೆಸ್ ಮತ್ತು ವಿಶೇಷ ಸುಂಕದ ರೂಪದ್ದು, ರಾಜ್ಯಗಳಿಗೆ ಪಾಲು ಕೊಡಬೇಕಾಗಿಲ್ಲದ್ದು. 2021ರ ನವೆಂಬರ್ ಇಳಿಕೆಯ ನಂತರ ಪೆಟ್ರೋಲಿನ ಮೇಲಿದ್ದ 27.90 ರೂಪಾಯಿ ಸುಂಕದಲ್ಲಿ ರಾಜ್ಯಗಳೊಂದಿಗೆ ಹಂಚಿಕೊಳ್ಳಬೇಕಾದ ಮೂಲ ಸುಂಕ 1.40 ರೂಪಾಯಿ ಮಾತ್ರ. ರಾಜ್ಯಗಳು ತಮ್ಮದೇ ತೆರಿಗೆಗೆ ಜೋತುಬೀಳುವುದಕ್ಕೆ ಇದೂ ಒಂದು ಕಾರಣ.

ಈ ಭಾರ ಯಾರ ಮೇಲೆ ಬೀಳುತ್ತದೆ ಎಂಬುದರಲ್ಲಿ ಪೆಟ್ರೋಲಿಗೂ ಡೀಸೆಲಿಗೂ ವ್ಯತ್ಯಾಸವಿದೆ. ಪೆಟ್ರೋಲಿನ ತೆರಿಗೆ ಹೆಚ್ಚಾಗಿ ಸ್ವಂತ ವಾಹನದವರ ಮೇಲೆ ಬೀಳುತ್ತದೆ. ಕಡುಬಡವರ ಮನೆಯಲ್ಲಿ ಗಾಡಿ ಇಲ್ಲ. ಡೀಸೆಲಿನದು ಹಾಗಲ್ಲ. ಘಟ್ಟದ ಮೇಲಿನಿಂದ ಬರುವ ತರಕಾರಿ, ಹೊರಗಿನಿಂದ ಬರುವ ಅಕ್ಕಿ, ಕಟ್ಟಡದ ಸಿಮೆಂಟು ಎಲ್ಲದರೊಳಗೂ ಅದು ಇದೆ. ಎಲ್ಲಕ್ಕಿಂತ ಮುಖ್ಯವಾಗಿ ಬಸ್ಸಿನೊಳಗೆ ಇದೆ. ಜನ ಬಸ್ಸು ಹತ್ತಲಿ ಎಂದು ತೆರಿಗೆ ಏರಿಸುತ್ತಾರೆ, ಆ ಬಸ್ಸಿನ ಡೀಸೆಲಿಗೂ ಅದೇ ತೆರಿಗೆ. ಇಂಧನ ಏರಿದ ಬೆನ್ನಿಗೆ 2022ರ ಮೇ ತಿಂಗಳಿನಿಂದ ಕೇರಳದಲ್ಲಿ ಬಸ್ಸಿನ ಕನಿಷ್ಠ ದರ ಎಂಟರಿಂದ ಹತ್ತು ರೂಪಾಯಿಗೆ, ಆಟೋದ ಕನಿಷ್ಠ ದರ ಇಪ್ಪತ್ತೈದರಿಂದ ಮೂವತ್ತಕ್ಕೆ ಏರಿತು. ದರ ಏರಿಸಿದರೂ ಮಾಲಕರಿಗೆ ಹುಟ್ಟುವಳಿ ಸಾಲುವುದಿಲ್ಲ. ಆಗ ಮೊದಲು ನಿಲ್ಲುವುದು ಜನ ಕಡಿಮೆ ಇರುವ ಕೊನೆಯ ಟ್ರಿಪ್. ನಿಮ್ಮ ಆರೂವರೆಯ ನಂತರದ ಬಸ್ಸಿನಂಥದ್ದು. ಬಸ್ಸು ನಿಂತ ಊರಿನಲ್ಲಿ ಎರಡು ಸ್ಕೂಟರ್ ಹೆಚ್ಚಾಗುತ್ತವೆ, ಉಳಿದ ಟ್ರಿಪ್ಪುಗಳಿಗೂ ಜನ ಕಡಿಮೆಯಾಗುತ್ತಾರೆ. ಬಸ್ಸಿಗೆ ಹಾಕುವ ಡೀಸೆಲಿನ ಮೇಲೆ ಕಾರಿಗೆ ಹಾಕುವಷ್ಟೇ ತೆರಿಗೆ ಹಾಕುವ ಯಾವ ಸರಕಾರವೂ ಬಳಕೆ ತಗ್ಗಿಸುವ ಮಾತು ಆಡಬಾರದು ಎಂದು ನನ್ನ ನಿಲುವು.

ಗಡಿಯ ಆಚೆ ಕರ್ನಾಟಕ ಇನ್ನೊಂದು ತುದಿಯಿಂದ ಹೊರಟಿತು. 2023ರ ಜೂನ್ 11ರಿಂದ ಮಹಿಳೆಯರಿಗೆ ಸರಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣ ಕೊಟ್ಟ ಶಕ್ತಿ ಯೋಜನೆಯ ಉದ್ದೇಶ ಇಂಧನ ಉಳಿಸುವುದಾಗಿರಲಿಲ್ಲ. ಅದರ ವೆಚ್ಚದ ಬಗ್ಗೆ ಬೇಕಾದಷ್ಟು ವಾದವಿದೆ. ಆದರೆ ಬಸ್ಸು ಸುಲಭವಾದರೆ ಜನ ಹತ್ತುತ್ತಾರೆ ಎಂಬುದನ್ನು ಅದು ತೋರಿಸಿತು. ಆ ಸೌಲಭ್ಯ ಕರ್ನಾಟಕದೊಳಗೆ ಮಾತ್ರ; ತಲಪಾಡಿಯ ಈಚೆ ಅದಿಲ್ಲ.

ಹೊರದೇಶಗಳ ಅನುಭವದಲ್ಲಿ ಎರಡನ್ನು ಮಾತ್ರ ಹೇಳುತ್ತೇನೆ. ಫ್ರಾನ್ಸಿನಲ್ಲಿ 2018ರಲ್ಲಿ ಪರಿಸರದ ಕಾರಣ ಕೊಟ್ಟು ಇಂಧನ ತೆರಿಗೆಯ ಇನ್ನೊಂದು ಏರಿಕೆಗೆ ಹೊರಟಾಗ, ಹಳದಿ ಅಂಗಿ ತೊಟ್ಟು ಬೀದಿಗಿಳಿದವರಲ್ಲಿ ದೊಡ್ಡ ಪಾಲು ಪಟ್ಟಣದಿಂದ ದೂರ ಇದ್ದವರು. ಅವರಿಗೆ ರೈಲಿರಲಿಲ್ಲ, ಬಸ್ಸಿರಲಿಲ್ಲ, ಕೆಲಸಕ್ಕೆ ಕಾರೇ ಗತಿ. ಡಿಸೆಂಬರ್ ಹೊತ್ತಿಗೆ ಸರಕಾರ ಏರಿಕೆಯನ್ನು ಕೈಬಿಟ್ಟಿತು. ನಿಮ್ಮ ಊರಿನ ಸಂಕಟಕ್ಕೂ ಅವರದಕ್ಕೂ ಹೆಚ್ಚಿನ ದೂರವಿಲ್ಲ. ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ 2008ರಲ್ಲಿ ಇಂಗಾಲದ ತೆರಿಗೆ ಹಾಕಿದ ರೀತಿ ಬೇರೆ. ಇಂಗಾಲದ ಡೈಆಕ್ಸೈಡಿನ ಒಂದು ಟನ್ನಿಗೆ ಹತ್ತು ಡಾಲರಿನಿಂದ ಆರಂಭ, ವರ್ಷಕ್ಕೆ ಐದೈದು ಏರಿಸಿ 2012ರಲ್ಲಿ ಮೂವತ್ತು. ಯಾವ ವರ್ಷ ಎಷ್ಟು ಎಂಬುದು ಮೊದಲೇ ಘೋಷಣೆಯಾಗಿತ್ತು. ಬಂದ ಹಣವನ್ನು ಆದಾಯ ತೆರಿಗೆ ಇಳಿಸಿ, ಕಡಿಮೆ ಆದಾಯದವರಿಗೆ ನೇರ ಹಣ ಕೊಟ್ಟು ಹಿಂತಿರುಗಿಸಿದರು. ಇಂಧನದ ಬಳಕೆ ತಗ್ಗಿತು, ಆರ್ಥಿಕತೆಗೆ ಪೆಟ್ಟು ಬೀಳಲಿಲ್ಲ. ಆದರೂ 2025ರ ಏಪ್ರಿಲ್‌ನಲ್ಲಿ ಅಲ್ಲಿಯೂ ಸಾಮಾನ್ಯ ಗ್ರಾಹಕರ ಮೇಲಿನ ಆ ತೆರಿಗೆಯನ್ನು ತೆಗೆದುಹಾಕಿದರು. ಬಂಕಿನಲ್ಲಿ ಕೊಡುವ ಹಣ ಎಲ್ಲರ ಕಣ್ಣಿಗೆ ಬೀಳುತ್ತದೆ, ಹಿಂತಿರುಗಿ ಬರುವ ಹಣ ಎಲ್ಲರಿಗೂ ಕಾಣುವುದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ, ಇಂಧನ ಅಗ್ಗವಾಗಿರಲಿ ಎಂದು ನಾನು ವಾದಿಸುತ್ತಿದ್ದೇನೆ ಎಂದು ತಿಳಿಯಬೇಡಿ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋ, ಡೀಸೆಲ್ ಉರಿದರೆ ಸುಮಾರು 2.7 ಕಿಲೋ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಎಲ್ಲಿ, ಯಾರು ಉರಿಸಿದರೂ ಅಷ್ಟೇ. ಇದಕ್ಕೆ ಲೀಟರಿನ ಮೇಲಿನ ತೆರಿಗೆಯಷ್ಟು ನೇರವಾದ ಉಪಾಯ ಬೇರೊಂದಿಲ್ಲ. ಮಂಗಳೂರಿನ ಸಂಜೆಯ ವಾಹನದಟ್ಟಣೆಗೆ ಮಾತ್ರ ಅದು ಮದ್ದಲ್ಲ. ಪಂಪ್‌ವೆಲ್‌ನಲ್ಲಿ ಸಿಕ್ಕಿಕೊಂಡ ಕಾರಿಗೂ ಬಂದಡ್ಕದ ಗುಡ್ಡ ಹತ್ತುವ ಜೀಪಿಗೂ ತೆರಿಗೆ ಬೀಳುವುದು ಲೀಟರಿನ ಲೆಕ್ಕದಲ್ಲೇ; ದಟ್ಟಣೆಗೆ ನಿಲುಗಡೆಯ ಶುಲ್ಕ, ಬಸ್ಸಿಗೆ ಮೀಸಲು ಪಥ ಬೇಕು.

ನನ್ನ ಕೈಯಲ್ಲಿದ್ದರೆ ಏನು ಮಾಡುತ್ತಿದ್ದೆ? ಶೇಕಡಾವಾರು ಲೆಕ್ಕವನ್ನು ಬಿಟ್ಟು ಲೀಟರಿಗೆ ಇಷ್ಟು ಎಂಬ ತೆರಿಗೆ ಇಡುತ್ತಿದ್ದೆ, ಕಚ್ಚಾತೈಲ ಏರಿದಾಗ ತೆರಿಗೆಯೂ ತಾನಾಗಿ ಏರಿ ಜನರನ್ನು ಎರಡು ಸಲ ಹೊಡೆಯಬಾರದು. ಏರಿಕೆ ಸಣ್ಣದಾಗಿ, ಐದು ವರ್ಷಕ್ಕೆ ಮೊದಲೇ ಘೋಷಿಸಿ, ದೇಶಕ್ಕೆಲ್ಲ ಒಂದೇ ರೀತಿ. ಬಸ್ಸುಗಳಿಗೆ ಆ ಹೆಚ್ಚುವರಿ ತೆರಿಗೆಯನ್ನು ಪೂರ್ತಿ ಮರಳಿಸುತ್ತಿದ್ದೆ. ಉಳಿದ ಹಣದಲ್ಲಿ ಮೊದಲ ಹಕ್ಕು ಸಂಜೆಯ ಬಸ್ಸಿಗೆ, ಒಳದಾರಿಗಳ ಬಸ್ಸಿಗೆ. ಬಸ್ಸು ತಲುಪಲಾರದ ಊರುಗಳ ಕಡಿಮೆ ಆದಾಯದ ಮನೆಗಳಿಗೆ ಬ್ಯಾಂಕ್ ಖಾತೆಗೇ ಹಣ. ಅಡುಗೆ ಅನಿಲದ ಸಹಾಯಧನವನ್ನು ಖಾತೆಗೆ ಹಾಕಿದ ದೇಶಕ್ಕೆ ಇದು ಹೊಸ ವಿದ್ಯೆಯಲ್ಲ. ಬಸ್ಸು ಮೊದಲು ಬರಬೇಕು, ತೆರಿಗೆ ಆಮೇಲೆ. ಈ ಕ್ರಮ ತಿರುಗಿದರೆ ತೆರಿಗೆ ಮಾತ್ರ ಬರುತ್ತದೆ, ಬಸ್ಸು ಬರುವುದಿಲ್ಲ.

ಸ್ಕೂಟರಿನ ಪ್ರಶ್ನೆಗೆ ಉತ್ತರ ಸುಲಭ. ತಿಂಗಳಿಗೆ 600 ಕಿಲೋಮೀಟರಿಗೆ ಪೆಟ್ರೋಲಿನ ಖರ್ಚು ಸಾವಿರದ ನಾನೂರು ರೂಪಾಯಿಯ ಹತ್ತಿರ. ವಿದ್ಯುತ್ ಸ್ಕೂಟರಿಗೆ ನೂರು ಕಿಲೋಮೀಟರಿಗೆ ಮೂರು ಯೂನಿಟ್ ಎಂದಿಟ್ಟು, ಚಾರ್ಜಿನ ನಷ್ಟ ಸೇರಿಸಿದರೂ ತಿಂಗಳಿಗೆ ಇಪ್ಪತ್ತು ಯೂನಿಟ್ ಚಿಲ್ಲರೆ. ಯೂನಿಟಿಗೆ ಎಂಟು ರೂಪಾಯಿ ಹಿಡಿದರೂ ನೂರ ಎಪ್ಪತ್ತೈದು ದಾಟುವುದಿಲ್ಲ. ಒಂದು ಎಚ್ಚರಿಕೆ: ಕೇರಳದಲ್ಲಿ ಮನೆಬಳಕೆ ತಿಂಗಳಿಗೆ 250 ಯೂನಿಟ್ ಮೀರಿದರೆ ಹಂತ ಹಂತದ ದರ ಹೋಗಿ ಎಲ್ಲ ಯೂನಿಟಿಗೂ ಒಂದೇ ಮೇಲಿನ ದರ ಬೀಳುತ್ತದೆ. ಎರಡು ತಿಂಗಳಿಗೊಮ್ಮೆ ಬರುವ ಬಿಲ್ಲಿನಲ್ಲಿ 500ರ ಗಡಿಗೆ ನೀವು ಎಷ್ಟು ಹತ್ತಿರ ಇದ್ದೀರಿ ಎಂದು ನೋಡಿಕೊಳ್ಳಿ. ಅಂಗಡಿಯವರು ಹೇಳುವ ದೂರದಲ್ಲಿ ಕಾಲು ಭಾಗ ಕಳೆದು ಲೆಕ್ಕ ಹಾಕಿ. ನಮ್ಮದು ಏರಿಳಿತದ ದಾರಿ. ಬದಿಯಡ್ಕದಲ್ಲೋ ಕಾಸರಗೋಡಿನಲ್ಲೋ ಆ ಕಂಪೆನಿಯ ದುರಸ್ತಿ ಕೇಂದ್ರ ಇಲ್ಲದಿದ್ದರೆ ಕೊಳ್ಳಬೇಡಿ. ಮಳೆಗಾಲದಲ್ಲಿ ಮರ ಬಿದ್ದು ವಿದ್ಯುತ್ ಹೋದರೆ ಎಂಬ ಭಯವಿದ್ದರೆ, ಅರ್ಧಕ್ಕೆ ಇಳಿಯುವ ಮೊದಲೇ ಚಾರ್ಜ್ ಮಾಡುವ ಅಭ್ಯಾಸ ಸಾಕು.

ಬಸ್ಸಿನ ವಿಷಯವನ್ನು ಹಾಗೆಯೇ ಬಿಡಬೇಡಿ. ಬಸ್ಸಿನ ಪರ್ಮಿಟ್ ಮತ್ತು ಸಮಯ ನಿಗದಿ ಮಾಡುವುದು ಪ್ರಾದೇಶಿಕ ಸಾರಿಗೆ ಪ್ರಾಧಿಕಾರ. ಜಿಲ್ಲಾಧಿಕಾರಿಯೇ ಅದರ ಅಧ್ಯಕ್ಷರು, ಕಾರ್ಯದರ್ಶಿ ಪ್ರಾದೇಶಿಕ ಸಾರಿಗೆ ಅಧಿಕಾರಿ. ನಿಲ್ಲಿಸಿದ ಟ್ರಿಪ್ ಪರ್ಮಿಟ್ಟಿನಲ್ಲಿ ಇನ್ನೂ ಇದೆಯೇ ಎಂಬುದನ್ನು ಮಾಹಿತಿ ಹಕ್ಕಿನ ಅರ್ಜಿಯಲ್ಲಿ ಕೇಳಿ. ಇದ್ದರೆ ಓಡಿಸುವಂತೆ ಒತ್ತಾಯಿಸಬಹುದು. ಇಲ್ಲವಾದರೆ ಹೊಸ ಟ್ರಿಪ್ಪಿಗೆ ಮನವಿ ಕೊಡಿ, ಅದರಲ್ಲಿ ಶಾಲೆಯ ಶಿಕ್ಷಕರು, ಟ್ಯೂಷನ್ ಮುಗಿಸಿ ಬರುವ ಮಕ್ಕಳು, ಅಂಗಡಿಗಳಲ್ಲಿ ಕೆಲಸ ಮಾಡುವ ಹೆಂಗಸರು ಎಷ್ಟು ಜನ ಸಂಜೆ ಆರೂವರೆಯ ನಂತರ ಮನೆಗೆ ಮರಳುತ್ತಾರೆ ಎಂಬ ಪಟ್ಟಿಯನ್ನು ಹೆಸರು, ಸಹಿ ಸಹಿತ ಲಗತ್ತಿಸಿ. ಮನವಿಯನ್ನು ಕನ್ನಡದಲ್ಲೇ ಬರೆಯಿರಿ. ಸಂವಿಧಾನದ 350ನೇ ವಿಧಿ ಆ ಹಕ್ಕು ಕೊಟ್ಟಿದೆ. ಮನವಿಯ ಒಂದು ಪ್ರತಿಯನ್ನು ಪಂಚಾಯತಿಗೂ ಕೊಟ್ಟು ಸ್ವೀಕೃತಿ ಪಡೆದುಕೊಳ್ಳಿ.